ಗಾಲ್ಫ್ ಸ್ವಿಂಗ್ ಸುಧಾರಿಸೋಕೆ ಫಿಟ್‌ನೆಸ್ ಟ್ರೈನಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ವೀಕೆಂಡ್ ಗಾಲ್ಫ್ ಆಡೋರಿಗೆ ಫಿಟ್‌ನೆಸ್ ಟ್ರೈನಿಂಗ್ ಕೊಡೋದು ನನ್ನ ಕೆಲಸ. ಕೆಳಗಿರೋ ಪ್ರಶ್ನೆ ಎಲ್ಲ ಡ್ರೈವಿಂಗ್ ರೇಂಜಲ್ಲಿ (ಬಾಲ್ ಹೊಡೆದು ಪ್ರಾಕ್ಟೀಸ್ ಮಾಡೋ ಜಾಗ), ವಾಟ್ಸಾಪಲ್ಲಿ, ಆಟ ಮುಗಿಸಿ ಕಾಫಿ ಕುಡಿಯೋವಾಗ ಜನ ಕೇಳಿದ್ದೇ. ಉತ್ತರ ಎಲ್ಲ ಬಲಗೈ ಆಟಗಾರರಿಗೆ ಅಂತ ಬರೆದಿದ್ದೀನಿ, ನೀವು ಎಡಗೈಯವರಾದ್ರೆ ಎಡ ಬಲ ಅದಲು ಬದಲು ಮಾಡಿ ಓದ್ಕೊಳ್ಳಿ.

ಗಾಲ್ಫ್ ಅಂದ್ರೆ ಆರಾಮಾಗಿ ನಡ್ಕೊಂಡು ಆಡೋ ಆಟ ಅಲ್ವಾ, ಅದಕ್ಕೂ ಜಿಮ್ ಬೇಕಾ?

ನಡಿಗೆ ಇದೆ ನಿಜ, 18 ಹೋಲ್ ನಡೆದು ಮುಗಿಸೋ ಅಷ್ಟೊತ್ತಿಗೆ 8ರಿಂದ 10 ಕಿಲೋಮೀಟರ್ ಆಗಿರುತ್ತೆ, ನಾಲ್ಕು ಗಂಟೆಗೂ ಮೇಲೆ ಬಿಸಿಲಲ್ಲಿ. ಆದ್ರೆ ಮೈಗೆ ಏಟು ಬೀಳೋದು ನಡಿಗೆಯಿಂದ ಅಲ್ಲ, ಸ್ವಿಂಗಿಂದ, ಅಂದ್ರೆ ಕ್ಲಬ್ (ಗಾಲ್ಫ್ ಕೋಲು) ಬೀಸೋದ್ರಿಂದ. ಡೌನ್‌ಸ್ವಿಂಗ್ (ಎತ್ತಿದ ಕ್ಲಬ್ಬನ್ನ ಕೆಳಗೆ ಬೀಸೋದು) ಶುರುವಾಗಿ ಬಾಲ್‌ಗೆ ತಾಗೋವರೆಗೆ ಕಾಲು ಸೆಕೆಂಡ್ ಅಷ್ಟೇ ಇರೋದು, ಅಷ್ಟರೊಳಗೆ ಇಡೀ ಮೈ ಸುರುಳಿ ಬಿಚ್ಚಿದ ಹಾಗೆ ತಿರುಗಬೇಕು. ಆ ಹೊತ್ತಲ್ಲಿ ಕೆಳಬೆನ್ನಿನ ಮೇಲೆ ಬೀಳೋ ಒತ್ತಡ ನಿಮ್ಮ ತೂಕದ 8 ಪಟ್ಟಿನವರೆಗೂ ಹೋಗುತ್ತೆ ಅಂತ ಲ್ಯಾಬಲ್ಲಿ ಅಳೆದು ನೋಡಿದ್ದಾರೆ. ಇದನ್ನ ವಾರ ಪೂರ್ತಿ ಕುರ್ಚಿಲಿ ಕೂತಿದ್ದ ಮೈಯಿಂದ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾಡಿಸ್ತೀವಿ, ಅದೂ ಒಂದೆರಡು ಸಲ ಅಲ್ಲ, ಪ್ರಾಕ್ಟೀಸ್ ಸ್ವಿಂಗೂ ಲೆಕ್ಕಕ್ಕೆ ತಗೊಂಡ್ರೆ ನೂರರ ಹತ್ತಿರ.

ಕೋಚ್ ಹೇಳೋದೆಲ್ಲ ಅರ್ಥ ಆಗುತ್ತೆ, ಆದ್ರೆ ಮೈ ಮಾತು ಕೇಳಲ್ಲ. ನಂದು ಪ್ರಾಕ್ಟೀಸ್ ಸಾಲದಾ?

ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಒಬ್ರು ಬಂದಿದ್ರು, 52 ವರ್ಷ, ಸಾಫ್ಟ್‌ವೇರ್ ಕೆಲಸ, ಎರಡು ವರ್ಷದಿಂದ ಕೋಚ್ ಒಂದೇ ಮಾತು ಹೇಳ್ತಿದ್ದಾರಂತೆ, ‘ಬಾಲ್ ಹೊಡೆಯೋವಾಗ ಎದ್ದು ನಿಲ್ಬೇಡಿ, ಸೊಂಟ ಮುಂದಕ್ಕೆ ತಳ್ಬೇಡಿ’ ಅಂತ. ಇವ್ರಿಗೂ ಗೊತ್ತು, ವಿಡಿಯೋದಲ್ಲಿ ನೋಡ್ಕೊಂಡೂ ಇದ್ದಾರೆ, ಆದ್ರೂ ಪ್ರತಿ ಸಲ ಅದೇ. ನಾನು ಅವರ ಕೈಗೆ ಕ್ಲಬ್ಬೇ ಕೊಡ್ಲಿಲ್ಲ. ಮ್ಯಾಟ್ ಮೇಲೆ ಬೋರಲು ಮಲಗಿಸಿ, ಎರಡೂ ಮಂಡಿ ಜೋಡಿಸಿ, ಪಾದ ಮೇಲಕ್ಕೆ ಬರೋ ಹಾಗೆ ಮಡಚಿಸಿ, ಈಗ ಪಾದಗಳನ್ನ ಆಚೆ ಈಚೆ ಹೊರಗಡೆಗೆ ಬೀಳಕ್ಕೆ ಬಿಡಿ ಅಂದೆ. ಬಲಗಾಲು ಸಲೀಸಾಗಿ ಹೊರಗೆ ಬಿತ್ತು. ಎಡಗಾಲು ಗೋಡೆಗೆ ಆನಿಸಿದ ಕೋಲಿನ ಹಾಗೆ ಸ್ವಲ್ಪ ವಾಲಿ ಅಲ್ಲೇ ನಿಂತ್ಬಿಡ್ತು, ಬಲವಂತ ಮಾಡಿದ್ರೆ ಸೊಂಟಾನೇ ಮ್ಯಾಟಿಂದ ಎದ್ದು ಬರ್ತಿತ್ತು.

ಅಲ್ಲೇ ಉತ್ತರ ಸಿಕ್ಕಿದ್ದು. ಬಾಲ್ ಹೊಡೆದು ಮುಂದಕ್ಕೆ ತಿರುಗೋವಾಗ ಇಡೀ ಮೈ ಎಡ ಸೊಂಟದ ಕೀಲಿನ ಮೇಲೆ ಒಳಮುಖವಾಗಿ ತಿರುಗಬೇಕು. ಆ ಕೀಲಲ್ಲಿ ಜಾಗಾನೇ ಇಲ್ಲ ಅಂದ್ರೆ ಮೈ ಬೇರೆ ದಾರಿ ಹುಡುಕುತ್ತೆ: ಎದ್ದು ನಿಲ್ಲುತ್ತೆ, ಇಲ್ಲಾ ಪಕ್ಕಕ್ಕೆ ಜಾರುತ್ತೆ, ಇಲ್ಲಾ ಕೆಳಬೆನ್ನನ್ನ ಹಿಂಡುತ್ತೆ. ಕಾಲು ಸೆಕೆಂಡಲ್ಲಿ ನೀವು ಯೋಚನೆ ಮಾಡಿ ತಡೆಯೋಕಾಗಲ್ಲ. ಹಾಗಾಗಿ ಅವರ ತಪ್ಪು ತಲೆಯಲ್ಲೂ ಇರ್ಲಿಲ್ಲ, ಪ್ರಾಕ್ಟೀಸಲ್ಲೂ ಇರ್ಲಿಲ್ಲ. ಕೋಚ್ ಹೇಳಿದ್ದು ಸರಿ, ಆದ್ರೆ ಆ ಮೈಗೆ ಅದು ಆಗದ ಕೆಲಸ. ಇಂಥವರು ಇನ್ನೂ ಐನೂರು ಬಾಲ್ ಹೊಡೆದ್ರೆ ಆ ತಪ್ಪೇ ಇನ್ನೂ ಗಟ್ಟಿಯಾಗಿ ಕೂತ್ಕೊಳುತ್ತೆ, ಹೊಸ ಡ್ರೈವರ್‌ಗೆ (ಅತಿ ದೂರ ಹೊಡೆಯೋ ಕ್ಲಬ್) ಐವತ್ತು ಸಾವಿರ ಸುರಿದ್ರೂ ಅಷ್ಟೇ. ಇಷ್ಟು ಜನ ಇಷ್ಟು ಆಸೆಯಿಂದ ಕಲಿಯೋಕೆ ಬಂದು ‘ನನಗೆ ಗಾಲ್ಫ್ ಒಗ್ಗಲ್ಲ’ ಅಂತ ಬಿಟ್ಟು ಹೋಗ್ತಾರಲ್ಲ, ಅದು ನೋಡೋಕೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ನನ್ನ ಮೈ ಎಲ್ಲಿ ಬಿಗಿ ಇದೆ ಅಂತ ಮನೇಲೇ ಗೊತ್ತು ಮಾಡ್ಕೊಳೋದು ಹೇಗೆ?

ಮೇಲೆ ಹೇಳಿದ ಬೋರಲು ಮಲಗೋ ಟೆಸ್ಟ್ ಮೊದಲನೇದು. ಎರಡೂ ಕಾಲು ಒಂದೇ ಸಮ ಹೊರಗೆ ಬೀಳ್ತಿದ್ಯಾ, 35 ಡಿಗ್ರಿ ಆದ್ರೂ ಬರ್ತಿದ್ಯಾ ಅಂತ ಮನೆಯವರ ಕೈಲಿ ಫೋಟೋ ತೆಗೆಸಿ ನೋಡಿ.

ಎರಡನೇದು, ಕುರ್ಚಿ ತುದೀಲಿ ಕೂತು ಮಂಡಿ ಮಧ್ಯೆ ಒಂದು ದಿಂಬು ಒತ್ತಿ ಹಿಡ್ಕೊಳ್ಳಿ, ಇದ್ರಿಂದ ಸೊಂಟ ಲಾಕ್ ಆಗುತ್ತೆ. ಕ್ಲಬ್ಬನ್ನ ಎದೆ ಮೇಲೆ ಅಡ್ಡ ಇಟ್ಟು ಕೈ ಕಟ್ಟಿ ಎಡಕ್ಕೂ ಬಲಕ್ಕೂ ತಿರುಗಿ. ಎರಡು ಕಡೆಗೂ 45 ಡಿಗ್ರಿ ಬರ್ಬೇಕು, ಅಂದ್ರೆ ನೇರಕ್ಕೂ ಪಕ್ಕಕ್ಕೂ ಸರಿ ಮಧ್ಯ. ಇದು ಮೇಲ್ಬೆನ್ನು ಎಷ್ಟು ತಿರುಗುತ್ತೆ ಅಂತ ತೋರಿಸುತ್ತೆ. ಇದು ಬರಲ್ಲ ಅಂದ್ರೆ ಬ್ಯಾಕ್‌ಸ್ವಿಂಗಲ್ಲಿ (ಕ್ಲಬ್ಬನ್ನ ಹಿಂದಕ್ಕೆ ಎತ್ತೋವಾಗ) ನೀವು ತಿರುಗ್ತಾ ಇಲ್ಲ, ಬರೀ ಕೈ ಎತ್ತಿ ತಿರುಗಿದ ಹಾಗೆ ಮಾಡ್ತಿದ್ದೀರ ಅಂತ, ಆಮೇಲೆ ಕ್ಲಬ್ ಹೊರಗಿಂದ ಬಂದು ಸ್ಲೈಸ್ ಆಗೋದು, ಅಂದ್ರೆ ಬಾಲ್ ಬಲಕ್ಕೆ ತಿರುಗಿ ಹೋಗೋದು, ಹೆಚ್ಚು ಕಮ್ಮಿ ಗ್ಯಾರಂಟಿ.

ಮೂರನೇದು ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ, 15 ಸೆಕೆಂಡ್. ಗೋಡೆ ಪಕ್ಕ ನಿಂತು ಮಾಡಿ. ಅಯ್ಯೋ ಇದೇನು ಮಕ್ಕಳಾಟ ಅನ್ನಿಸುತ್ತೆ, ಮಾಡಿ ನೋಡಿ, ತುಂಬ ಜನಕ್ಕೆ ಐದು ಎಣಿಸೋದ್ರೊಳಗೆ ಇನ್ನೊಂದು ಕಾಲು ನೆಲಕ್ಕೆ ಬರುತ್ತೆ.

ಇಂಥ ಟೆಸ್ಟ್‌ಗಳನ್ನ ಗಾಲ್ಫ್‌ಗೆ ಅಂತಲೇ ಒಂದು ಕ್ರಮಕ್ಕೆ ತಂದವರಲ್ಲಿ ಮುಖ್ಯವಾದವರು ಕ್ಯಾಲಿಫೋರ್ನಿಯಾದ ಟೈಟ್ಲಿಸ್ಟ್ ಪರ್ಫಾರ್ಮೆನ್ಸ್ ಇನ್‌ಸ್ಟಿಟ್ಯೂಟ್‌ನವರು, 2003ರಲ್ಲಿ ಶುರುವಾದದ್ದು. ಅವರು ಹೇಳೋದ್ರ ಸಾರ ಏನಂದ್ರೆ ಎಲ್ಲರಿಗೂ ಒಂದೇ ಸ್ವಿಂಗ್ ಅಂತಿಲ್ಲ, ಅವರವರ ಮೈಗೆ ಏನು ಸಾಧ್ಯವೋ ಅದರ ಮೇಲೆ ಸ್ವಿಂಗ್ ಕಟ್ಬೇಕು ಅಂತ. ನನಗೆ ಇದು ನೂರಕ್ಕೆ ನೂರು ಒಪ್ಪಿಗೆ.

ದಿನಾ ಯೋಗ ಮಾಡ್ತೀನಿ, ಸೂರ್ಯ ನಮಸ್ಕಾರ 12 ಹಾಕ್ತೀನಿ, ಸಾಕಾಗಲ್ವಾ?

ಬಿಡ್ಬೇಡಿ, ಮುಂದುವರ್ಸಿ. ಆದ್ರೆ ಒಂದು ವಿಷಯ ಗಮನಿಸಿ, ಸೂರ್ಯ ನಮಸ್ಕಾರದಲ್ಲಿ ಮೈ ಮುಂದಕ್ಕೆ ಬಗ್ಗುತ್ತೆ, ಹಿಂದಕ್ಕೆ ಬಾಗುತ್ತೆ, ಎಲ್ಲೂ ತಿರುಗಲ್ಲ. ಗಾಲ್ಫ್ ಪೂರ್ತಿ ತಿರುಗೋ ಆಟ. ಹಾಗಾಗಿ ಅದರ ಜೊತೆ ಅರ್ಧ ಮತ್ಸ್ಯೇಂದ್ರಾಸನ, ಪರಿವೃತ್ತ ತ್ರಿಕೋನಾಸನ ಥರದ ತಿರುಗೋ ಆಸನ ಸೇರಿಸ್ಕೊಳ್ಳಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ನಾವು ಚಕ್ಕಳಮಕ್ಕಳ ಹಾಕಿ ಕೂತು ಬೆಳೆದ ಜನ, ನಮ್ಮ ಸೊಂಟದ ಕೀಲು ಹೊರಮುಖವಾಗಿ ಚೆನ್ನಾಗಿ ತಿರುಗುತ್ತೆ, ಪದ್ಮಾಸನ ಹಾಕೋರಿಗಂತೂ ಇನ್ನೂ ಚೆನ್ನಾಗಿ. ಅದ್ರಿಂದ ‘ನನ್ನ ಸೊಂಟ ತುಂಬ ಫ್ರೀ ಇದೆ’ ಅಂತ ನಂಬಿರ್ತೀವಿ. ಗಾಲ್ಫ್‌ಗೆ ಬೇಕಾಗಿರೋದು ಅದರ ಉಲ್ಟಾ, ಒಳಮುಖದ ತಿರುಗು. ಪದ್ಮಾಸನ ಹಾಕೋರೂ ಮೇಲಿನ ಬೋರಲು ಟೆಸ್ಟಲ್ಲಿ ಸಿಕ್ಕಿಬೀಳೋದನ್ನ ಎಷ್ಟೋ ಸಲ ನೋಡಿದ್ದೀನಿ. ಇದಕ್ಕೆ ನಾನು ಕೊಡೋದು 90-90 ಅನ್ನೋ ವ್ಯಾಯಾಮ: ನೆಲದ ಮೇಲೆ ಕೂತು ಒಂದು ಕಾಲು ಮುಂದೆ ಮಡಚಿ, ಇನ್ನೊಂದು ಪಕ್ಕಕ್ಕೆ ಮಡಚಿ, ಎರಡೂ ಮಂಡಿ ಲಂಬ ಕೋನದಲ್ಲಿ, ಆಮೇಲೆ ಕೈ ಹಿಂದೆ ಊರಿ ಮಂಡಿಗಳನ್ನ ಈ ಕಡೆಯಿಂದ ಆ ಕಡೆಗೆ ವೈಪರ್ ಥರ ಬದಲಾಯಿಸ್ತಾ ಹೋಗೋದು. ದಿನಕ್ಕೆ ಎರಡು ನಿಮಿಷ, ಟೀವಿ ನೋಡ್ತಾನೇ ಮಾಡ್ಬಹುದು.

ವೇಯ್ಟ್ ಎತ್ತಿದ್ರೆ ಮೈ ಬಿಗಿಯಾಗಿ ಸ್ವಿಂಗ್ ಹಾಳಾಗುತ್ತೆ ಅಂತಾರಲ್ಲ?

ಹಳೇ ಮಾತು ಇದು. 1950-60ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ವೇಯ್ಟ್ ಎತ್ತೋಕೆ ಶುರು ಮಾಡಿದಾಗಲೂ ಜನ ಇದನ್ನೇ ಹೇಳಿದ್ರು, ಅವರು 9 ಮೇಜರ್ (ಗಾಲ್ಫಿನ ಅತಿ ದೊಡ್ಡ ಟೂರ್ನಿಗಳು) ಗೆದ್ರು, 80 ದಾಟಿದ ಮೇಲೂ ವ್ಯಾಯಾಮ ಬಿಡ್ಲಿಲ್ಲ. ಆಮೇಲೆ ಟೈಗರ್ ವುಡ್ಸ್ ಬಂದ್ಮೇಲೆ ಟೂರಿನ (ವೃತ್ತಿಪರರು ಆಡೋ ಟೂರ್ನಿಗಳ ಸರಣಿ) ಜನರ ಮೈಕಟ್ಟೇ ಬದಲಾಗೋಯ್ತು. ರೋರಿ ಮೆಕಿಲ್ರಾಯ್ ಎತ್ತರ ಬರೀ 5 ಅಡಿ 9 ಇಂಚು, ಆದ್ರೂ ಟೂರಲ್ಲಿ ಅತಿ ದೂರ ಹೊಡೆಯೋರಲ್ಲಿ ಒಬ್ರು, ಅವರ ಜಿಮ್ ಕೆಲಸ ಎಲ್ಲರಿಗೂ ಗೊತ್ತಿರೋದೇ.

ಮೈ ಬಿಗಿಯಾಗೋದು ವೇಯ್ಟಿಂದ ಅಲ್ಲ, ಅರ್ಧಂಬರ್ಧ ಎತ್ತೋದ್ರಿಂದ. ಸ್ಕ್ವಾಟ್ ಅಂತ ಹೇಳಿ ನಾಲ್ಕಿಂಚು ಬಗ್ಗಿ ಏಳೋದು, ದಿನಾ ಎದೆ ಮತ್ತು ಬೈಸೆಪ್ಸ್ ಮಾತ್ರ ಮಾಡಿ ಬೆನ್ನು ಕಾಲು ಮರೆಯೋದು, ಹೀಗೆ ಮಾಡಿದ್ರೆ ಭುಜ ಮುಂದಕ್ಕೆ ಬಾಗಿ ನಿಜವಾಗ್ಲೂ ತಿರುಗೋಕೆ ಕಷ್ಟ ಆಗುತ್ತೆ. ಪೂರ್ತಿ ಕೆಳಗೆ ಹೋಗಿ ಪೂರ್ತಿ ಮೇಲೆ ಬಂದ್ರೆ ವೇಯ್ಟೇ ಒಂದು ಸ್ಟ್ರೆಚ್.

ಬ್ರೈಸನ್ ಡಿಶಾಂಬೋ ಸುಮಾರು 18 ಕೆಜಿ ತೂಕ ಏರಿಸ್ಕೊಂಡು 2020ರಲ್ಲಿ ಯುಎಸ್ ಓಪನ್ ಗೆದ್ರಲ್ಲ, ಅದು ನೋಡಿ ನಮ್ಮಲ್ಲೂ ಕೆಲವರು ಪ್ರೋಟೀನ್ ಡಬ್ಬ ತಂದಿಟ್ಕೊಂಡ್ರು. ಆಮೇಲೆ ಅವರೇ ಆ ತೂಕ ತುಂಬ ಇಳಿಸಿದ್ರು. ನಮ್ಮಂಥವರಿಗೆ ಆ ದಾರಿ ಬೇಡ್ವೇ ಬೇಡ.

ವಾರಕ್ಕೆ ಎಷ್ಟು ದಿನ, ಏನೇನು ಮಾಡ್ಬೇಕು?

ಎರಡು ದಿನ ಸ್ಟ್ರೆಂತ್, 40 ನಿಮಿಷ. ಮೂರು ದಿನ ಆದ್ರೆ ಒಳ್ಳೇದು, ಎರಡು ದಿನ ತಪ್ಪದೆ ಆದ್ರೆ ಇನ್ನೂ ಒಳ್ಳೇದು.

ಮೊದಲು ಕಲಿಯಬೇಕಾದ್ದು ಸೊಂಟದಿಂದ ಬಗ್ಗೋದು. ಎರಡೂ ಕೈಯಲ್ಲಿ ತರಕಾರಿ ಬ್ಯಾಗ್ ಹಿಡ್ಕೊಂಡು ಕಾರಿನ ಡೋರನ್ನ ಹಿಂಭಾಗದಿಂದ ತಳ್ಳಿ ಮುಚ್ತೀವಲ್ಲ, ಅದೇ. ಬೆನ್ನು ನೇರ, ಮಂಡಿ ಸ್ವಲ್ಪ ಮಾತ್ರ ಮಡಚಿರುತ್ತೆ. ಬಾಲ್ ಮುಂದೆ ನಿಲ್ಲೋ ಭಂಗಿ, ಅಂದ್ರೆ ಅಡ್ರೆಸ್, ಇದೇ ಆಗಿರೋದ್ರಿಂದ ಇದೊಂದು ಸರಿಯಾದ್ರೆ ಅಡ್ರೆಸ್ ಅರ್ಧ ಸರಿಯಾದ ಹಾಗೆ. ಇದೇ ಚಲನೆಗೆ ತೂಕ ಸೇರಿಸಿದ್ರೆ ಡೆಡ್‌ಲಿಫ್ಟ್. ಅದರ ಜೊತೆ ಗಾಬ್ಲೆಟ್ ಸ್ಕ್ವಾಟ್ (ತೂಕವನ್ನ ಎದೆ ಮುಂದೆ ಹಿಡಿದು ಬೈಠಕ್), ಒಂದು ಕಾಲು ಹಿಂದಿಟ್ಟು ಮಾಡೋ ಸ್ಪ್ಲಿಟ್ ಸ್ಕ್ವಾಟ್, ರೋ (ತೂಕವನ್ನ ಮೈ ಕಡೆಗೆ ಎಳೆಯೋದು), ದಂಡ ಅಂದ್ರೆ ನಮ್ಮ ಪುಷ್ ಅಪ್. ಕೊನೇಲಿ ಎರಡು ಕೈಲೂ ಡಂಬೆಲ್ ಹಿಡಿದು ಮೂವತ್ತು ಹೆಜ್ಜೆ ನಡೆಯೋದು. ಬೋರ್‌ವೆಲ್ಲಿಂದ ಎರಡು ಬಕೆಟ್ ನೀರು ಚೆಲ್ಲದೆ ತರೋರ ನಡಿಗೆ ನೋಡಿದ್ದೀರಲ್ಲ, ಅದೇ ಥರ. ಹಿಡಿತ, ಹೊಟ್ಟೆ, ಬೆನ್ನು ಮೂರಕ್ಕೂ ಕೆಲಸ ಆಗುತ್ತೆ.

ಕ್ರಂಚ್ ಬೇಡ. ಹೊಟ್ಟೆ ಮಡಚೋ ಶಕ್ತಿ ಸ್ವಿಂಗ್‌ಗೆ ಅಷ್ಟು ಉಪಯೋಗ ಇಲ್ಲ, ಬೆನ್ನು ನೋವಿರೋರಿಗಂತೂ ಕೆಟ್ಟದ್ದೇ ಜಾಸ್ತಿ. ಬದಲಿಗೆ ರಬ್ಬರ್ ಬ್ಯಾಂಡನ್ನ ಕಿಟಕಿ ಸರಳಿಗೆ ಕಟ್ಟಿ, ಪಕ್ಕಕ್ಕೆ ನಿಂತು, ಎದೆ ಮುಂದೆ ಚಾಚಿ ಹಿಡಿದು ಅದು ಎಳೆದ್ರೂ ತಿರುಗದೆ ನಿಲ್ಲೋ ಪ್ಯಾಲಫ್ ಪ್ರೆಸ್ ಮಾಡಿ. ಮಿಕ್ಕ ದಿನ ಹತ್ತೇ ನಿಮಿಷ 90-90, ಮತ್ತೆ ಪಕ್ಕಕ್ಕೆ ಮಲಗಿ ಮೇಲಿನ ಕೈಯನ್ನ ಪುಸ್ತಕದ ಹಾಳೆ ತೆರೆದ ಹಾಗೆ ಹಿಂದಕ್ಕೆ ತೆರೆಯೋದು.

ದೂರ ಹೊಡೆಯೋಕೆ ಏನು ಮಾಡ್ಬೇಕು? ತೋಳಿನ ಬಲ ಹೆಚ್ಚಿಸಿದ್ರೆ ಆಗುತ್ತಾ?

ತೋಳಿಂದ ದೂರ ಬರಲ್ಲ. ಹೊಲದಲ್ಲಿ ಹಕ್ಕಿ ಓಡ್ಸೋಕೆ ಕವಣೆ ಬೀಸೋರನ್ನ ನೋಡಿದ್ರೆ ತಕ್ಷಣ ಅರ್ಥ ಆಗುತ್ತೆ. ಮೊದಲು ಕಾಲು ಊರ್ತಾರೆ, ಆಮೇಲೆ ಸೊಂಟ ತಿರುಗುತ್ತೆ, ಆಮೇಲೆ ಎದೆ, ಆಮೇಲೆ ತೋಳು, ಎಲ್ಲಕ್ಕಿಂತ ಕೊನೆಗೆ ಹಗ್ಗ, ಕಲ್ಲು ಹಾರೋದು ಆಮೇಲೆ. ಹಿಂದಿನದು ನಿಧಾನ ಆದಾಗ ಮುಂದಿನದು ವೇಗ ಪಡೆಯುತ್ತೆ. ಒಳ್ಳೆ ಸ್ವಿಂಗಲ್ಲೂ ಇದೇ ಸರದಿ, ಸೊಂಟ, ಎದೆ, ತೋಳು, ಕ್ಲಬ್. ತೋಳು ಮೊದಲು ಹೊರಟ್ರೆ ಸರದಿ ಕೆಟ್ಟೋಯ್ತು ಅಂತ ಲೆಕ್ಕ.

ಪಿಜಿಎ ಟೂರಲ್ಲಿ ಡ್ರೈವರ್ ಕ್ಲಬ್ ಸ್ಪೀಡ್ ಸರಾಸರಿ ಗಂಟೆಗೆ 115 ಮೈಲಿ ಆಸುಪಾಸು, ನಮ್ಮಂಥ ಸಾಮಾನ್ಯ ಆಟಗಾರರದ್ದು 93ರ ಹತ್ತಿರ. ಒಂದು ಮೈಲಿ ಸ್ಪೀಡ್ ಹೆಚ್ಚಿದ್ರೆ ಸುಮಾರು ಎರಡೂವರೆ ಗಜ ದೂರ ಜಾಸ್ತಿ ಸಿಗುತ್ತೆ. ಅಂದ್ರೆ ನಾಲ್ಕೈದು ಮೈಲಿ ಏರಿಸಿದ್ರೆ ಎರಡನೇ ಶಾಟ್‌ಗೆ ಒಂದು ಕ್ಲಬ್ ಕಮ್ಮಿ, ಅಂದ್ರೆ ಕಮ್ಮಿ ದೂರ ಹೊಡೆಯೋ ಕ್ಲಬ್, ತಗೋಬಹುದು.

ಮೊದಲ ಎರಡು ತಿಂಗಳು ಮೇಲಿನ ಸ್ಟ್ರೆಂತ್ ಕೆಲಸ ಮಾಡಿ, ಆಮೇಲೆ ವೇಗದ ಕೆಲಸ ಸೇರಿಸಿ: 3 ಕೆಜಿ ಮೆಡಿಸಿನ್ ಬಾಲನ್ನ (ವ್ಯಾಯಾಮದ ಭಾರದ ಚೆಂಡು) ಪಕ್ಕಕ್ಕೆ ನಿಂತು ಗೋಡೆಗೆ ಎಸೆಯೋದು, ಒಂದು ಕಡೆಗೆ 5, ಮೂರು ಸಲ, ಮಧ್ಯ ಚೆನ್ನಾಗಿ ಸುಧಾರಿಸ್ಕೊಂಡು. ಪ್ರತಿ ಎಸೆತಾನೂ ಪೂರ್ತಿ ಜೋರಲ್ಲಿ ಇರ್ಬೇಕು, ಸುಸ್ತಾಗಿ ಇಪ್ಪತ್ತು ಸಲ ಎಸೆದ್ರೆ ನಿಧಾನ ಎಸೆಯೋದನ್ನೇ ಮೈ ಕಲಿಯುತ್ತೆ. ಆಮೇಲೆ ಬಾಲ್ ಇಲ್ದೆ, ಕ್ಲಬ್ಬನ್ನ ತಲೆಕೆಳಗು ಹಿಡಿದು, ಸುಂಯ್ ಅನ್ನೋ ಸದ್ದು ಬಾಲ್ ಇರೋ ಜಾಗ ದಾಟಿದ ಮೇಲೆ ಬರೋ ಹಾಗೆ ಬೀಸಿ. ಎಡಗೈ ಆಟಗಾರರ ಹಾಗೆ ಉಲ್ಟಾ ಕಡೆಗೂ ಒಂದಿಷ್ಟು ಬೀಸಿ, ಒಂದೇ ಕಡೆ ತಿರುಗಿ ತಿರುಗಿ ದಣಿದ ಬೆನ್ನಿಗೆ ಅದು ಔಷಧಿ ಇದ್ದ ಹಾಗೆ.

ಆಡಿದ ಮಾರನೇ ದಿನ ಕೆಳಬೆನ್ನು ನೋವು. ಆಟ ಬಿಡ್ಬೇಕಾ?

ಕೆಳಬೆನ್ನಿನ ಐದು ಮೂಳೆ ಎಲ್ಲ ಸೇರಿದ್ರೂ ಒಂದು ಕಡೆಗೆ 10 ಡಿಗ್ರಿ ತಿರುಗೋದೂ ಕಷ್ಟ, ಅದು ಬಗ್ಗೋಕೆ ಇರೋ ಜಾಗ. ತಿರುಗೋಕೆ ಇರೋದು ಮೇಲೆ ಎದೆಗೂಡಿನ ಹಿಂದಿರೋ ಬೆನ್ನು, ಕೆಳಗೆ ಸೊಂಟದ ಕೀಲು. ಇವೆರಡೂ ಬಿಗಿಯಾದ್ರೆ ಮಧ್ಯದಲ್ಲಿರೋದು ಎರಡರ ಕೆಲಸಾನೂ ಹೊತ್ಕೊಂಡು ಸಾಯುತ್ತೆ. ಹಾಗಾಗಿ ನೋವು ಬರೋದು ಕೆಳಬೆನ್ನಲ್ಲಿ, ಸರಿ ಮಾಡ್ಬೇಕಾಗಿರೋದು ಅದರ ಮೇಲೆ ಕೆಳಗೆ.

ನನಗೇ ಆಗಿತ್ತು. ಕೆಲವು ವರ್ಷದ ಹಿಂದೆ ಡಿಸೆಂಬರ್ ಚಳೀಲಿ, ಟ್ರಾಫಿಕ್ ತಪ್ಪಿಸೋಕೆ ಒಂದು ಗಂಟೆ ಕಾರ್ ಓಡ್ಸಿ, ಲೇಟಾಯ್ತು ಅಂತ ನೇರ ಮೊದಲನೇ ಟೀಗೆ (ಆಟ ಶುರು ಮಾಡೋ ಜಾಗ) ಹೋಗಿ ಪೂರ್ತಿ ಬಲ ಹಾಕಿ ಹೊಡೆದೆ. ಬಾಲ್ ಫೇರ್‌ವೇ ಮಧ್ಯ ಹೋಗ್ತಿತ್ತು, ನಾನು ಬಾಲ್ ಇಡೋ ಟೀ ಕಡ್ಡಿ ಎತ್ಕೊಳೋಕೆ ಬಗ್ಗಿದೋನು ಏಳೋಕಾಗ್ಲಿಲ್ಲ. ಮೂರು ವಾರ ಶೂ ಲೇಸ್ ಕಟ್ಟೋಕೂ ಹೆಂಡತಿ ಬೇಕಿತ್ತು. ಆವತ್ತಿಂದ ವಾರ್ಮ್ ಅಪ್ ಇಲ್ದೆ ಯಾರನ್ನೂ ಟೀಗೆ ಬಿಡಲ್ಲ.

ಮಾಮೂಲಿ ಬಿಗಿತ ಆದ್ರೆ ನಡೀರಿ, 90-90 ಮಾಡಿ, ಒಂದು ವಾರ ಬರೀ ಚಿಪ್ಪಿಂಗ್, ಪಟ್ಟಿಂಗ್ ಥರದ ಹತ್ತಿರದ ಮೆಲ್ಲನೆ ಹೊಡೆತ ಮಾಡಿ. ಆದ್ರೆ ನೋವು ಕಾಲಿಗೆ ಇಳಿತಿದ್ರೆ, ಪಾದ ಜೋಮು ಹಿಡಿತಿದ್ರೆ, ರಾತ್ರಿ ಮಲಗಿದಾಗ್ಲೂ ಬಿಡದೆ ಇದ್ರೆ ವ್ಯಾಯಾಮ ಹುಡುಕ್ಬೇಡಿ, ಡಾಕ್ಟರ್ ಹತ್ರ ಹೋಗಿ. ಮೂತ್ರ ಹಿಡಿತ ತಪ್ಪಿದ್ರೆ ಆವತ್ತೇ ಆಸ್ಪತ್ರೆ. ಧೈರ್ಯಕ್ಕೆ ಒಂದು ಮಾತು, ಟೈಗರ್ ವುಡ್ಸ್ 2017ರಲ್ಲಿ ಬೆನ್ನಿನ ಎರಡು ಮೂಳೆ ಕೂಡಿಸೋ ಆಪರೇಷನ್ ಮಾಡಿಸ್ಕೊಂಡು 2019ರಲ್ಲಿ ಮಾಸ್ಟರ್ಸ್ ಗೆದ್ರು.

ವಾರ್ಮ್ ಅಪ್‌ಗೆ ಟೈಮ್ ಇರಲ್ಲ, ಕಮ್ಮಿ ಅಂದ್ರೆ ಏನು ಮಾಡ್ಬೇಕು?

ಏಳು ನಿಮಿಷ ಸಾಕು. ಕಾರ್ ಪಾರ್ಕಿಂಗಿಂದ ಬಿರುಸಾಗಿ ನಡೀರಿ. ಕ್ಲಬ್ ಊರಿ ಒಂದೊಂದೇ ಕಾಲು ಮುಂದೆ ಹಿಂದೆ, ಆಮೇಲೆ ಅಡ್ಡ ಬೀಸಿ, ಹತ್ತತ್ತು ಸಲ. ಹತ್ತು ಬೈಠಕ್. ಕ್ಲಬ್ಬನ್ನ ಹೆಗಲ ಮೇಲೆ ಅಡ್ಡ ಇಟ್ಟು ಬಗ್ಗಿ ನಿಂತ ಭಂಗೀಲಿ ತಿರುಗೋದು, ಹತ್ತತ್ತು. ಆಮೇಲೆ ಸ್ವಿಂಗ್: ಅರ್ಧ, ಮುಕ್ಕಾಲು, ಪೂರ್ತಿ, ಕೊನೇ ಮೂರು ಸ್ವಿಂಗ್ ಆಟದಲ್ಲಿ ಹೊಡೆಯೋಷ್ಟೇ ಜೋರಾಗಿ. ಒಂದೇ ಕಡೆ ಎಳೆದು ಒಂದು ನಿಮಿಷ ಹಿಡಿಯೋ ಸ್ಟ್ರೆಚ್ ಆಡೋಕೆ ಮುಂಚೆ ಬೇಡ, ಸ್ಪೀಡ್ ಇಳಿಯುತ್ತೆ, ಅದನ್ನ ಆಟ ಆದ್ಮೇಲೆ ಮಾಡಿ.

ಮೊಣಕೈ ನೋವು?

ಒಳಗಡೆ ನೋವಿಗೆ ಗಾಲ್ಫರ್ಸ್ ಎಲ್ಬೋ ಅಂತಾರೆ, ಆದ್ರೆ ಗಾಲ್ಫ್ ಆಡೋರಿಗೆ ಎಡ ಮೊಣಕೈಯ ಹೊರಗಡೆ, ಅಂದ್ರೆ ಟೆನ್ನಿಸ್ ಎಲ್ಬೋನೂ ಅಷ್ಟೇ ಮಾಮೂಲು. ಕ್ಲಬ್ಬನ್ನ ಕತ್ತು ಹಿಸುಕಿದ ಹಾಗೆ ಹಿಡಿಯೋದು, ರೇಂಜಿನ ಗಟ್ಟಿ ಮ್ಯಾಟ್ ಮೇಲೆ ದಿನಕ್ಕೆ ಇನ್ನೂರು ಬಾಲ್ ಹೊಡೆಯೋದು, ಇವೆರಡೇ ಹೆಚ್ಚಿನವರ ಕಾರಣ. ಬಾಲ್ ಅರ್ಧ ಮಾಡಿ, ಹಗುರ ಡಂಬೆಲ್ ಹಿಡಿದು ಮಣಿಕಟ್ಟನ್ನ ನಿಧಾನವಾಗಿ ಇಳಿಸೋ ವ್ಯಾಯಾಮ ಮಾಡಿ. ವಾಸಿಯಾಗೋಕೆ ತಿಂಗಳುಗಟ್ಲೆ ಹಿಡಿಯುತ್ತೆ, ತಾಳ್ಮೆ ಬೇಕು.

ನಮ್ಮ ಗರಡಿ ಮನೆ ವ್ಯಾಯಾಮ ಏನಾದ್ರೂ ಉಪಯೋಗಕ್ಕೆ ಬರುತ್ತಾ?

ಖಂಡಿತ ಬರುತ್ತೆ, ಈ ಪ್ರಶ್ನೆ ಯಾರಾದ್ರೂ ಕೇಳಿದ್ರೆ ನನಗೆ ಖುಷಿಯಾಗುತ್ತೆ. ಮೈಸೂರು ಕಡೆ ಗರಡಿ ಮನೆಗಳಲ್ಲಿ ಗದೆ ತಿರುಗಿಸೋದು ನೋಡಿ, ಗದೆ ಬೆನ್ನ ಹಿಂದೆ ಇಳಿದು ಸುತ್ತಿ ಮುಂದೆ ಬರೋವಾಗ ಭುಜ ಪೂರ್ತಿ ತೆರ್ಕೊಳುತ್ತೆ, ಪಾದ ಮಾತ್ರ ಕೆಮ್ಮಣ್ಣಲ್ಲಿ ನೆಟ್ಟ ಹಾಗೆ ನಿಂತಿರುತ್ತೆ. ತುದೀಲಿ ಭಾರ ಇರೋ ಕೋಲನ್ನ ಹಿಡಿತ ಬಿಗಿ ಮಾಡದೆ ಬೀಸೋದು ಅಂದ್ರೆ ಗಾಲ್ಫ್ ಕ್ಲಬ್ ಬೀಸೋದ್ರ ಅಣ್ಣ ಇದ್ದ ಹಾಗೆ. ಬ್ರಿಟಿಷರು ಇಲ್ಲಿ ಇದೇ ಥರ ಬೀಸೋ ಮುಗ್ದರ (ಮರದ ದಪ್ಪ ದೊಣ್ಣೆ) ನೋಡಿ ‘ಇಂಡಿಯನ್ ಕ್ಲಬ್’ ಅಂತ ಹೆಸರಿಟ್ಟು ಅವರ ಸೈನ್ಯದ ವ್ಯಾಯಾಮಕ್ಕೆ ಸೇರಿಸ್ಕೊಂಡ್ರು, ಅದೇ ಬ್ರಿಟಿಷರು 1876ರಲ್ಲಿ ಬೆಂಗಳೂರಿಗೆ ಗಾಲ್ಫ್ ಕ್ಲಬ್ ತಂದ್ರು. ಒಂದೋ ಎರಡೋ ಕೆಜಿ ಮುಗ್ದರದಿಂದ ಶುರು ಮಾಡಿ, ಫ್ಯಾನ್ ಇಲ್ದಿರೋ ಜಾಗ ನೋಡ್ಕೊಂಡು.

ನನಗೆ 63, ಈಗ ಶುರು ಮಾಡಿ ಏನು ಪ್ರಯೋಜನ?

ನಿಮಗೇ ಎಲ್ಲರಿಗಿಂತ ಜಾಸ್ತಿ ಪ್ರಯೋಜನ. ವಯಸ್ಸಾದ ಹಾಗೆ ಮಾಂಸಖಂಡ ಕರಗುತ್ತೆ, ಶಕ್ತಿಗಿಂತ ವೇಗ ಇನ್ನೂ ಬೇಗ ಹೋಗುತ್ತೆ, ಎರಡೂ ಟ್ರೈನಿಂಗ್‌ಗೆ ಸ್ಪಂದಿಸುತ್ತೆ. ಮೊದಲು ಬಿಪಿ, ಹೃದಯ ಚೆಕ್ ಮಾಡಿಸ್ಕೊಳ್ಳಿ, ತೂಕ ಎತ್ತೋವಾಗ ಉಸಿರು ಕಟ್ಬೇಡಿ. ಮೇಲ್ಬೆನ್ನು ಎಷ್ಟು ಮಾಡಿದ್ರೂ ತಿರುಗ್ತಿಲ್ಲ ಅಂದ್ರೆ ಬ್ಯಾಕ್‌ಸ್ವಿಂಗಲ್ಲಿ ಎಡ ಹಿಮ್ಮಡಿ ಎತ್ತಿ, ಬಲ ಪಾದ ಸ್ವಲ್ಪ ಹೊರಗೆ ತೆರೆದು ನಿಲ್ಲಿ. ಹಳೇ ಕಾಲದ ದೊಡ್ಡ ಆಟಗಾರರು ಹಿಮ್ಮಡಿ ಎತ್ತೇ ಆಡ್ತಿದ್ರು.

ಹೆಂಗಸರಿಗೆ ಬೇರೆ ಥರ ಟ್ರೈನಿಂಗ್ ಬೇಕಾ?

ವ್ಯಾಯಾಮ ಅದೇ. ನನ್ನ ಹತ್ರ ಬರೋ ಹೆಂಗಸರಲ್ಲಿ ತಿರುಗೋಕೆ ತೊಂದ್ರೆ ಕಮ್ಮಿ, ಬಲ ಸಾಲದಿರೋದು ಜಾಸ್ತಿ, ಆದ್ರೂ ಅವರಿಗೆ ಸ್ಟ್ರೆಚಿಂಗೇ ಹೇಳ್ಕೊಟ್ಟು ಕಳಿಸಿರ್ತಾರೆ. ತೂಕ ಎತ್ತಿ, ಹೆದರ್ಬೇಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಲ್ಲಿ ಒಂದೇ ಒಂದು ಸ್ಟ್ರೋಕಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನಕ್ಕೆ ಬಂದ್ರಲ್ಲ, ಆವತ್ತು ಬೆಳಗಿನ ಜಾವ ಎದ್ದು ಗಾಲ್ಫ್ ಗೊತ್ತಿಲ್ಲದೋರೂ ಟೀವಿ ಮುಂದೆ ಕೂತಿದ್ರು. ತನಗಿಂತ ಎಷ್ಟೋ ದೂರ ಹೊಡೆಯೋರ ಮಧ್ಯೆ ಆಕೆ ಪಟ್ಟಿಂಗಿಂದಲೇ ಅಲ್ಲಿವರೆಗೆ ಬಂದಿದ್ದು. ಅದು ಅಪರೂಪದ ಪ್ರತಿಭೆ, ಅಂಥ ಪಟ್ಟಿಂಗ್ ಇಲ್ಲದ ನಮಗೆಲ್ಲ ಹತ್ತು ಗಜ ಹೆಚ್ಚು ಸಿಕ್ಕಿದ್ರೆ ಆಟ ಎಷ್ಟೋ ಸುಲಭ ಆಗುತ್ತೆ.

ಆಡೋ ದಿನ ಏನು ತಿನ್ಬೇಕು?

ಎರಡು ಗಂಟೆ ಮುಂಚೆ ಇಡ್ಲಿ ಅಥವಾ ರಾಗಿ ಗಂಜಿ. ಬ್ಯಾಗಲ್ಲಿ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ, ಉಪ್ಪು ಹಾಕಿದ ಮಜ್ಜಿಗೆ. ಹದಿನಾಲ್ಕನೇ ಹೋಲ್ ಆದ್ಮೇಲೆ ಸ್ವಿಂಗ್ ಕೆಡೋರು ಅರ್ಧಕ್ಕರ್ಧ ಜನ ನೀರು ಕುಡಿದೇ ಇರಲ್ಲ.

ಎಷ್ಟು ದಿನಕ್ಕೆ ವ್ಯತ್ಯಾಸ ಗೊತ್ತಾಗುತ್ತೆ?

ಕೀಲು ಸಡಿಲ ಆಗೋಕೆ ಮೂರು ನಾಲ್ಕು ವಾರ, ಶಕ್ತಿ ಬರೋಕೆ ಎರಡು ಮೂರು ತಿಂಗಳು. ಮಧ್ಯದಲ್ಲಿ ಒಂದಷ್ಟು ದಿನ ಆಟ ಕೆಡಬಹುದು, ಮೈ ಹೆಚ್ಚು ತಿರುಗೋಕೆ ಶುರು ಮಾಡಿದ್ರೂ ಕೈಗೆ ಹಳೇ ಲೆಕ್ಕಾನೇ ಗೊತ್ತಿರೋದು, ಹಾಗಾಗಿ ಬಾಲ್ ಎಡಕ್ಕೆ ಹೋಗುತ್ತೆ. ಆವಾಗ ವ್ಯಾಯಾಮ ನಿಲ್ಲಿಸ್ಬೇಡಿ, ಕೋಚ್‌ಗೆ ಹೇಳಿ. ಶುರು ಮಾಡೋ ದಿನ ಎದುರಿಂದ ಒಂದು, ಹಿಂದಿಂದ ಒಂದು ವಿಡಿಯೋ ತೆಗೆದಿಟ್ಕೊಳ್ಳಿ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ತೆಗೀರಿ. ಮೇಲೆ ಹೇಳಿದೆನಲ್ಲ ಆ 52 ವರ್ಷದವರು, ಹನ್ನೊಂದನೇ ವಾರ ಅವರ ಹಿಂದಿನ ವಿಡಿಯೋ ಹೊಸ ವಿಡಿಯೋ ಅಕ್ಕಪಕ್ಕ ಇಟ್ಟು ನೋಡಿದ್ವಿ. ಹಳೇದ್ರಲ್ಲಿ ಬಾಲ್ ತಾಗೋವಾಗ ಪ್ಯಾಂಟಿನ ಹಿಂದಿನ ಜೇಬು ಹಿಂದಿದ್ದ ಕಂಬದಿಂದ ಒಂದು ಗೇಣು ಮುಂದೆ ಬಂದಿತ್ತು, ಹೊಸದ್ರಲ್ಲಿ ಜೇಬು ಕಂಬಕ್ಕೆ ಅಂಟ್ಕೊಂಡೇ ತಿರುಗಿತ್ತು. ಅವರು ಅದನ್ನ ನಿಲ್ಲಿಸಿ ನಿಲ್ಲಿಸಿ ನಾಲ್ಕು ಸಲ ನೋಡಿದ್ರು.